ಫ್ರಾನ್ಸಿಸ್ ಚಿಸಾರಿ

ಫ್ರಾನ್ಸಿಸ್ ವಿ. ಚಿಸಾರಿ ಅವರು ಅಮೆರಿಕದ ವೈದ್ಯ ಹಾಗೂ ವೈರಾಣು ವಿಜ್ಞಾನಿ. ಕ್ಯಾಲಿಫೋರ್ನಿಯಾದ ಲಾ ಹೊಯಾದಲ್ಲಿರುವ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಹಲವು ದಶಕಗಳ ಕಾಲ ಸಂಶೋಧನೆ ನಡೆಸಿದ ಅವರು, ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ವೈರಾಣುಗಳ ವಿರುದ್ಧ ದೇಹದ ಟಿ ಜೀವಕೋಶಗಳು ಹೇಗೆ ಹೋರಾಡುತ್ತವೆ ಎಂಬುದರ ಅಧ್ಯಯನಕ್ಕೆ ಹೆಸರಾಗಿದ್ದಾರೆ. ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲದೆಯೇ ಅವುಗಳೊಳಗಿನ ವೈರಾಣುವನ್ನು ಅಡಗಿಸಲು ಟಿ ಜೀವಕೋಶಗಳಿಗೆ ಸಾಧ್ಯವಿದೆ ಎಂದು ಅವರ ಪ್ರಯೋಗಾಲಯವು 1990ರ ದಶಕದಲ್ಲಿ ತೋರಿಸಿಕೊಟ್ಟಿತು. ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರು.

ಹಿನ್ನೆಲೆ

ಹೆಪಟೈಟಿಸ್ ಬಿ ವೈರಾಣು ಮನುಷ್ಯನ ಯಕೃತ್ತಿನ ಜೀವಕೋಶಗಳಲ್ಲಿ ಬೆಳೆಯುತ್ತದೆ. ಅದರ ಹೊರಕವಚದ ಪ್ರೋಟೀನನ್ನು ಬರೂಚ್ ಬ್ಲಂಬರ್ಗ್ 1960ರ ದಶಕದಲ್ಲಿ ಗುರುತಿಸಿದರು. ಈ ಕಾರ್ಯಕ್ಕಾಗಿ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ಸುಮಾರು 25.4 ಕೋಟಿ ಜನರಲ್ಲಿ ಈ ಸೋಂಕು ದೀರ್ಘಕಾಲಿಕವಾಗಿ ನೆಲೆಸಿತ್ತು. ಅದೇ ವರ್ಷ ಸುಮಾರು 11 ಲಕ್ಷ ಜನರು ಇದರಿಂದ ಮೃತಪಟ್ಟರು. ಹೆಚ್ಚಿನ ಸಾವುಗಳಿಗೆ ಕಾರಣ ಯಕೃತ್ತು ಗಂಟುಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಮತ್ತು ಯಕೃತ್ತಿನ ಕ್ಯಾನ್ಸರ್.

ಈ ಸೋಂಕಿನ ವಿಚಿತ್ರವೆಂದರೆ ವೈರಾಣು ತಾನಾಗಿ ಜೀವಕೋಶವನ್ನು ಅಷ್ಟಾಗಿ ಹಾಳುಮಾಡುವುದಿಲ್ಲ. ರಕ್ತದಲ್ಲಿ ಅಪಾರ ಪ್ರಮಾಣದ ವೈರಾಣುಗಳಿದ್ದರೂ ಯಕೃತ್ತು ಬಹುತೇಕ ಆರೋಗ್ಯವಾಗಿಯೇ ಇರುವ ಸೋಂಕುವಾಹಕರು ಉಂಟು. ಇನ್ನೊಂದೆಡೆ, ವಯಸ್ಕರಾದ ಮೇಲೆ ಸೋಂಕು ತಗುಲಿಸಿಕೊಂಡವರಲ್ಲಿ ಸುಮಾರು ಶೇ. 95ರಷ್ಟು ಜನ ಕಾಮಾಲೆ ಬಂದೋ ಬಾರದೆಯೋ ಗುಣಮುಖರಾಗುತ್ತಾರೆ. ಹುಟ್ಟುವಾಗ ತಾಯಿಯಿಂದ ಸೋಂಕು ಪಡೆದ ಶಿಶುಗಳಲ್ಲಿ ಈ ಲೆಕ್ಕ ತಲೆಕೆಳಗು: ರಕ್ಷಣಾ ಲಸಿಕೆ ದೊರೆಯದಿದ್ದರೆ ಅವರಲ್ಲಿ ಸುಮಾರು ಶೇ. 90ರಷ್ಟು ಮಂದಿಯಲ್ಲಿ ಸೋಂಕು ಶಾಶ್ವತವಾಗಿ ಉಳಿಯುತ್ತದೆ. ವೈರಾಣು ಒಂದೇ ಆಗಿದ್ದೂ ಪರಿಣಾಮ ಇಷ್ಟು ಭಿನ್ನವಾಗಬೇಕಾದರೆ ಅದರ ಕಾರಣ ಸೋಂಕಿತರ ರೋಗನಿರೋಧಕ ವ್ಯವಸ್ಥೆಯಲ್ಲಿರಬೇಕು ಎಂಬ ಊಹೆ ಹಿಂದಿನಿಂದಲೂ ಇತ್ತು. ಅದನ್ನು ಪ್ರಯೋಗದಿಂದ ಪರೀಕ್ಷಿಸಲು ದಾರಿಯಿರಲಿಲ್ಲ. ಈ ವೈರಾಣು ಮನುಷ್ಯ ಮತ್ತು ಚಿಂಪಾಂಜಿಯಂತಹ ಕೆಲವೇ ಪ್ರಾಣಿಗಳಿಗೆ ತಗಲುತ್ತದೆ. ಪ್ರಯೋಗಾಲಯದ ಇಲಿಗಳಿಗೆ ತಗಲುವುದಿಲ್ಲ.

ವೈರಾಣುವಿನ ವಂಶವಾಹಿ ಹೊತ್ತ ಇಲಿಗಳು

ಇಲಿಗೆ ಸೋಂಕು ತಗುಲಿಸಲಾಗದಿದ್ದರೂ ವೈರಾಣುವಿನ ವಂಶವಾಹಿಗಳನ್ನು ಇಲಿಯ ಭ್ರೂಣದಲ್ಲೇ ಸೇರಿಸಬಹುದು. ಚಿಸಾರಿ ಮತ್ತು ಸಹೋದ್ಯೋಗಿಗಳು 1980ರ ದಶಕದಿಂದ ಇಂತಹ ಇಲಿಗಳ ಹಲವು ತಳಿಗಳನ್ನು ಬೆಳೆಸಿದರು. ಕೆಲವು ತಳಿಗಳು ವೈರಾಣುವಿನ ಒಂದೆರಡು ಪ್ರೋಟೀನುಗಳನ್ನು ಮಾತ್ರ ತಯಾರಿಸುತ್ತಿದ್ದವು. 1995ರಲ್ಲಿ ಲೂಕಾ ಗಿಡೋಟ್ಟಿ ಅವರೊಂದಿಗೆ ವರದಿ ಮಾಡಿದ ತಳಿಯ ಯಕೃತ್ತಿನಲ್ಲಾದರೋ ಇಡೀ ವೈರಾಣುವೇ ದೊಡ್ಡ ಪ್ರಮಾಣದಲ್ಲಿ ಉತ್ಪತ್ತಿಯಾಗುತ್ತಿತ್ತು.

ಹುಟ್ಟಿನಿಂದಲೇ ವೈರಾಣುವಿನ ಪ್ರೋಟೀನುಗಳೊಂದಿಗೆ ಬೆಳೆದ ಈ ಇಲಿಗಳ ರೋಗನಿರೋಧಕ ವ್ಯವಸ್ಥೆ ಅವುಗಳನ್ನು ತನ್ನವೆಂದೇ ಭಾವಿಸುತ್ತದೆ. ಹಾಗಾಗಿ ಯಕೃತ್ತಿನ ತುಂಬ ವೈರಾಣುವಿದ್ದರೂ ಇಲಿಗೆ ಕಾಯಿಲೆಯಿಲ್ಲ. ವೈರಾಣು ನೇರವಾಗಿ ಜೀವಕೋಶವನ್ನು ಕೊಲ್ಲುವುದಿಲ್ಲ ಎಂಬುದಕ್ಕೆ ಇದು ಮೊದಲ ಸಾಕ್ಷಿ. ಎರಡನೆಯ ಸಾಕ್ಷಿ ಇನ್ನೂ ಬಲವಾದದ್ದು. ವಂಶವಾಹಿ ಸೇರಿಸದ ಅದೇ ತಳಿಯ ಇಲಿಯಲ್ಲಿ ವೈರಾಣುವಿನ ವಿರುದ್ಧ ಟಿ ಜೀವಕೋಶಗಳನ್ನು ಬೆಳೆಸಿ, ಅವನ್ನು ವೈರಾಣು ಹೊತ್ತ ಇಲಿಯ ರಕ್ತಕ್ಕೆ ಸೇರಿಸಿದಾಗ ಆ ಇಲಿಗೆ ಹೆಪಟೈಟಿಸ್ ಬಂದಿತು. ಯಕೃತ್ತಿನಲ್ಲಿ ಕಂಡ ಹಾನಿ ಮನುಷ್ಯರ ಕಾಯಿಲೆಯನ್ನು ಹೋಲುತ್ತಿತ್ತು. ಈ ಪ್ರಯೋಗಗಳ ಫಲಿತಾಂಶ 1990ರ ದಶಕದ ಆರಂಭದಲ್ಲಿ ಪ್ರಕಟವಾಯಿತು.

ಕೊಲ್ಲದೆ ಗುಣಪಡಿಸುವ ಟಿ ಜೀವಕೋಶ

ಸಿಡಿ8 ಎಂಬ ಗುರುತು ಹೊತ್ತ ಟಿ ಜೀವಕೋಶಗಳು ಸೋಂಕಿತ ಜೀವಕೋಶವನ್ನು ಹುಡುಕಿ, ಮುಟ್ಟಿ, ಕೊಲ್ಲುತ್ತವೆ. ಜೀವಕೋಶದೊಂದಿಗೆ ವೈರಾಣುವೂ ನಾಶವಾಗುತ್ತದೆ. ರೋಗನಿರೋಧ ವಿಜ್ಞಾನದ ಪಠ್ಯಪುಸ್ತಕಗಳು ಹೇಳುತ್ತಿದ್ದುದು ಇಷ್ಟೇ. ಹೆಪಟೈಟಿಸ್ ಬಿ ವಿಷಯದಲ್ಲಿ ಈ ವಿವರಣೆಗೆ ಒಂದು ಸರಳ ಲೆಕ್ಕ ಅಡ್ಡಬರುತ್ತದೆ. ಸೋಂಕು ಉಚ್ಛ್ರಾಯದಲ್ಲಿರುವಾಗ ಯಕೃತ್ತಿನ ಬಹುತೇಕ ಎಲ್ಲ ಜೀವಕೋಶಗಳಲ್ಲೂ ವೈರಾಣು ಇರಬಲ್ಲದು. ಅವುಗಳ ಸಂಖ್ಯೆ ಸಾವಿರಾರು ಕೋಟಿ. ವೈರಾಣುವನ್ನು ಗುರುತಿಸಬಲ್ಲ ಟಿ ಜೀವಕೋಶಗಳು ಅದಕ್ಕೆ ಹೋಲಿಸಿದರೆ ತೀರ ಕಡಿಮೆ. ಎಲ್ಲ ಸೋಂಕಿತ ಕೋಶಗಳನ್ನೂ ಒಂದೊಂದಾಗಿ ಕೊಂದೇ ಗುಣವಾಗಬೇಕೆಂದರೆ ರೋಗಿಗೆ ಯಕೃತ್ತೇ ಉಳಿಯುವುದಿಲ್ಲ. ಆದರೂ ಹೆಚ್ಚಿನ ವಯಸ್ಕರು ಗುಣವಾಗುತ್ತಾರೆ.

1994 ಮತ್ತು 1996ರಲ್ಲಿ ಗಿಡೋಟ್ಟಿ, ಚಿಸಾರಿ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನಗಳು ಈ ಒಗಟಿಗೆ ಉತ್ತರ ನೀಡಿದವು. ಟಿ ಜೀವಕೋಶಗಳನ್ನು ಪಡೆದ ಇಲಿಗಳಲ್ಲಿ ಯಕೃತ್ತಿನ ಕೋಶಗಳ ಪೈಕಿ ಸ್ವಲ್ಪ ಭಾಗ ಮಾತ್ರ ಸತ್ತಿತ್ತು. ಉಳಿದವು ಬದುಕಿದ್ದವು, ಆದರೆ ಅವುಗಳೊಳಗೆ ವೈರಾಣುವಿನ ಆರ್‌ಎನ್‌ಎ ಆಗಲಿ ಹೊಸದಾಗಿ ನಕಲಾದ ಡಿಎನ್‌ಎ ಆಗಲಿ ಕಾಣುತ್ತಿರಲಿಲ್ಲ. ಟಿ ಜೀವಕೋಶಗಳು ಸ್ರವಿಸುವ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್ ಆಲ್ಫಾ ಎಂಬ ಎರಡು ಸಂದೇಶವಾಹಕ ಪ್ರೋಟೀನುಗಳು ಈ ಕೆಲಸ ಮಾಡುತ್ತಿದ್ದವು. ಪ್ರತಿಕಾಯಗಳನ್ನು ಕೊಟ್ಟು ಅವೆರಡನ್ನೂ ತಡೆದಾಗ ವೈರಾಣು ಉಳಿದುಕೊಂಡಿತು, ಜೀವಕೋಶಗಳ ಸಾವು ಮಾತ್ರ ಎಂದಿನಂತೆ ನಡೆಯಿತು. ಅಂದರೆ ಕೊಲ್ಲುವುದು ಮತ್ತು ಗುಣಪಡಿಸುವುದು ಒಂದೇ ಟಿ ಜೀವಕೋಶದ ಎರಡು ಬೇರೆ ಬೇರೆ ಕಾರ್ಯಗಳು.

ಇಲಿಯಲ್ಲಿ ಕಂಡದ್ದು ನಿಜವಾದ ಸೋಂಕಿನಲ್ಲೂ ನಡೆಯುತ್ತದೆಯೇ ಎಂಬ ಆಕ್ಷೇಪ ಸಹಜವಾಗಿಯೇ ಬಂದಿತು. 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಚಿಂಪಾಂಜಿಗಳ ಅಧ್ಯಯನ ಇದಕ್ಕೆ ಉತ್ತರವಾಗಿತ್ತು. ಸೋಂಕಿತ ಚಿಂಪಾಂಜಿಗಳ ರಕ್ತ ಮತ್ತು ಯಕೃತ್ತಿನಿಂದ ವೈರಾಣುವಿನ ಡಿಎನ್‌ಎ ಬಹುಪಾಲು ಮರೆಯಾದದ್ದು, ಟಿ ಜೀವಕೋಶಗಳು ಯಕೃತ್ತಿಗೆ ಅತಿ ಹೆಚ್ಚು ಸಂಖ್ಯೆಯಲ್ಲಿ ನುಗ್ಗುವುದಕ್ಕೆ ಮತ್ತು ಕಾಯಿಲೆ ಉಲ್ಬಣಿಸುವುದಕ್ಕೆ ಎಷ್ಟೋ ಮುಂಚೆ. 2003ರಲ್ಲಿ ರಾಬರ್ಟ್ ಥಿಮ್ಮೆ ಮೊದಲಾದವರೊಂದಿಗೆ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಚಿಂಪಾಂಜಿಯ ಸಿಡಿ8 ಟಿ ಜೀವಕೋಶಗಳನ್ನು ತಾತ್ಕಾಲಿಕವಾಗಿ ತೆಗೆದುಹಾಕಲಾಯಿತು. ಆ ಕೋಶಗಳು ಮರಳಿ ಬರುವವರೆಗೆ ವೈರಾಣುವೂ ಹೋಗಲಿಲ್ಲ, ಕಾಯಿಲೆಯೂ ಬರಲಿಲ್ಲ.

ಗುಣವಾದ ಮೇಲೂ ಉಳಿಯುವ ವೈರಾಣು

1996ರಲ್ಲಿ ಬಾರ್ಬರಾ ರೆಹರ್ಮನ್, ಇಟಲಿಯ ಕಾರ್ಲೊ ಫೆರಾರಿ ಮತ್ತು ಚಿಸಾರಿ ಮುಂತಾದವರು ಹೆಪಟೈಟಿಸ್ ಬಿ ಇಂದ ಪೂರ್ಣ ಗುಣಮುಖರಾದವರನ್ನು ಪರೀಕ್ಷಿಸಿದರು. ದಶಕಗಳ ನಂತರವೂ ಕೆಲವರ ರಕ್ತದಲ್ಲಿ ವೈರಾಣುವಿನ ಡಿಎನ್‌ಎ ಅತ್ಯಲ್ಪ ಪ್ರಮಾಣದಲ್ಲಿ ಸಿಕ್ಕಿತು, ಜೊತೆಗೆ ಅದರ ವಿರುದ್ಧ ಸಕ್ರಿಯವಾಗಿರುವ ಟಿ ಜೀವಕೋಶಗಳೂ ಸಿಕ್ಕವು. ವೈರಾಣುವಿನ ಈ ಅವಶೇಷ ಟಿ ಜೀವಕೋಶಗಳನ್ನು ಎಚ್ಚರವಾಗಿಡುತ್ತದೆ, ಆ ಕೋಶಗಳು ವೈರಾಣುವನ್ನು ಹತ್ತಿಕ್ಕಿಡುತ್ತವೆ ಎಂದು ಸಂಶೋಧಕರು ವಿವರಿಸಿದರು. ಇದರ ಪರಿಣಾಮ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣುತ್ತದೆ. ಎಂದೋ ಗುಣವಾದ ವ್ಯಕ್ತಿಗೆ ರಕ್ತದ ಕ್ಯಾನ್ಸರಿಗೋ ಅಂಗಾಂಗ ಕಸಿಗೋ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಕೊಟ್ಟಾಗ ಹಳೆಯ ಹೆಪಟೈಟಿಸ್ ಬಿ ಮರುಕಳಿಸಬಹುದು, ಪ್ರಾಣಕ್ಕೂ ಕುತ್ತಾಗಬಹುದು. ರಿಟುಕ್ಸಿಮ್ಯಾಬ್‌ನಂತಹ ಔಷಧಿ ಆರಂಭಿಸುವ ಮುನ್ನ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸುವುದು ಈ ಕಾರಣದಿಂದಲೇ.

ಯಕೃತ್ತಿನ ಕ್ಯಾನ್ಸರ್

ವೈರಾಣುವನ್ನು ತೊಲಗಿಸಲಾರದಷ್ಟು ದುರ್ಬಲವಾಗಿದ್ದು, ಜೀವಕೋಶಗಳನ್ನು ಕೊಲ್ಲುವಷ್ಟು ಸಮರ್ಥವಾಗಿರುವ ಟಿ ಜೀವಕೋಶಗಳ ದಾಳಿ ವರ್ಷಗಟ್ಟಲೆ ನಡೆದರೆ ಏನಾಗುತ್ತದೆ? 1998ರ ಒಂದು ಪ್ರಯೋಗ ಇದನ್ನು ನೇರವಾಗಿ ಪರೀಕ್ಷಿಸಿತು. ವೈರಾಣುವಿನ ಹೊರಕವಚ ಪ್ರೋಟೀನನ್ನು ತಯಾರಿಸುವ ಇಲಿಗಳಲ್ಲಿ ಟಿ ಜೀವಕೋಶಗಳ ದಾಳಿ ದೀರ್ಘಕಾಲ ಮುಂದುವರಿಯುವಂತೆ ಮಾಡಿದಾಗ ಅವುಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಬೆಳೆಯಿತು. ಸಾವು ಮತ್ತು ಮರುಹುಟ್ಟಿನ ನಿರಂತರ ಚಕ್ರದಲ್ಲಿ ಸಿಲುಕಿದ ಜೀವಕೋಶಗಳೇ ಕ್ಯಾನ್ಸರಿಗೆ ಎಡೆಮಾಡಿಕೊಡಲು ಸಾಕು ಎಂಬುದು ಇದರ ತಾತ್ಪರ್ಯ.

ಮುಂದೆ ಮ್ಯಾಟಿಯೊ ಯಾನ್ನಾಕೋನೆ ಮತ್ತು ಸಂಗಡಿಗರು, ಟಿ ಜೀವಕೋಶಗಳು ಯಕೃತ್ತಿನಲ್ಲಿ ನೆಲೆಗೊಳ್ಳಲು ರಕ್ತದ ಕಿರುಫಲಕಗಳ ನೆರವು ಬೇಕೆಂದು 2005ರಲ್ಲಿ ತೋರಿಸಿದರು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಪಡೆದ ಇಲಿಗಳಲ್ಲಿ ಯಕೃತ್ತಿನ ಹಾನಿಯೂ ಕ್ಯಾನ್ಸರೂ ಕಡಿಮೆಯಾದವು. ಇದು ಇಲಿಗಳ ಮೇಲಿನ ಫಲಿತಾಂಶ. ರೋಗಿಗಳಿಗೆ ಅನ್ವಯಿಸುವ ಚಿಕಿತ್ಸೆಯೆಂದು ಇದನ್ನು ತಿಳಿಯಬಾರದು.

ಹೆಪಟೈಟಿಸ್ ಸಿ

ಹೆಪಟೈಟಿಸ್ ಸಿ ವೈರಾಣುವನ್ನು 1989ರಲ್ಲಿ ಗುರುತಿಸಲಾಯಿತಾದರೂ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಬಹುಕಾಲ ಸಾಧ್ಯವಾಗಲಿಲ್ಲ. ಜಪಾನಿನ ತಕಾಜಿ ವಾಕಿತಾ ಅವರು ಒಬ್ಬ ರೋಗಿಯಿಂದ ಪಡೆದ ಜೆಎಫ್‌ಎಚ್-1 ಎಂಬ ವೈರಾಣು ತಳಿಯನ್ನು ಬಳಸಿ, 2005ರಲ್ಲಿ ಮೂರು ಸಂಶೋಧನಾ ತಂಡಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಈ ತೊಡಕನ್ನು ಬಿಡಿಸಿದವು. ಅವುಗಳಲ್ಲಿ ಚಿಸಾರಿಯವರ ತಂಡವೂ ಒಂದು. ಇದಕ್ಕೂ ಮೊದಲು, 2001ರಲ್ಲಿ, ಸೂಜಿ ಚುಚ್ಚಿ ಆಕಸ್ಮಿಕವಾಗಿ ಸೋಂಕು ತಗುಲಿದ ಆರೋಗ್ಯ ಕಾರ್ಯಕರ್ತರನ್ನು ಅನುಸರಿಸಿದ ಅಧ್ಯಯನದಲ್ಲಿ, ಬಲವಾದ ಟಿ ಜೀವಕೋಶ ಪ್ರತಿಕ್ರಿಯೆ ತೋರಿದ ವ್ಯಕ್ತಿಯಲ್ಲಿ ವೈರಾಣು ತೊಲಗಿದ್ದು ಕಂಡುಬಂದಿತ್ತು.

ಚಿಕಿತ್ಸೆಯ ಪ್ರಯತ್ನ ಮತ್ತು ವಿವಾದ

ಟಿ ಜೀವಕೋಶಗಳನ್ನು ಬಡಿದೆಬ್ಬಿಸುವ ಚಿಕಿತ್ಸಾ ಲಸಿಕೆಯೊಂದನ್ನು 1990ರ ದಶಕದಲ್ಲಿ ರೂಪಿಸಲಾಯಿತು. ಆರೋಗ್ಯವಂತ ಸ್ವಯಂಸೇವಕರಲ್ಲಿ ಅದು ನಿರೀಕ್ಷಿತ ಟಿ ಜೀವಕೋಶಗಳನ್ನು ಹುಟ್ಟಿಸಿತು. ದೀರ್ಘಕಾಲಿಕ ಸೋಂಕಿನ ರೋಗಿಗಳಲ್ಲಿ ಪ್ರತಿಕ್ರಿಯೆ ಕ್ಷೀಣವಾಗಿತ್ತು, ವೈರಾಣು ಹೋಗಲಿಲ್ಲ.

‘ಕೊಲ್ಲದೆ ಗುಣಪಡಿಸುವ’ ವಿವರಣೆಯನ್ನು ಎಲ್ಲರೂ ಪೂರ್ಣವಾಗಿ ಒಪ್ಪಿಲ್ಲ. ವೈರಾಣುವು ಸೋಂಕಿತ ಕೋಶದ ಕೋಶಕೇಂದ್ರದಲ್ಲಿ ಉಂಗುರಾಕಾರದ ಡಿಎನ್‌ಎ ಆಗಿ ಕುಳಿತುಬಿಡುತ್ತದೆ. ಈಗಿನ ಔಷಧಿಗಳು ವೈರಾಣುವಿನ ಉತ್ಪತ್ತಿಯನ್ನು ತಡೆದರೂ ಈ ಉಂಗುರವನ್ನು ತೆಗೆಯಲಾರವು; ಆದ್ದರಿಂದಲೇ ಹೆಚ್ಚಿನ ರೋಗಿಗಳು ಹಲವು ವರ್ಷ, ಕೆಲವೊಮ್ಮೆ ಜೀವನವಿಡೀ, ಮಾತ್ರೆ ನುಂಗಬೇಕಾಗಿದೆ. ಚಿಸಾರಿಯವರ ಇಲಿಗಳಲ್ಲಿ ಈ ಉಂಗುರಾಕಾರದ ಡಿಎನ್‌ಎ ರೂಪುಗೊಳ್ಳುವುದಿಲ್ಲ ಎಂಬುದು ಆ ಮಾದರಿಯ ಮುಖ್ಯ ಮಿತಿ. ಇಂಥದೇ ವೈರಾಣು ತಗಲುವ ವುಡ್‌ಚಕ್ ಎಂಬ ದಂಶಕ ಪ್ರಾಣಿಯ ಮೇಲೆ ಕೆಲಸ ಮಾಡಿದ ಸಂಶೋಧಕರು, ಗುಣವಾಗುವಾಗ ಯಕೃತ್ತಿನ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸತ್ತು ಹೊಸವು ಹುಟ್ಟುತ್ತವೆ ಎಂದು ವಾದಿಸಿದರು. 2005ರಲ್ಲಿ ಚಿಸಾರಿಯವರ ತಂಡ ಪ್ರಕಟಿಸಿದ ಚಿಂಪಾಂಜಿ ಅಧ್ಯಯನ ಎರಡೂ ಪ್ರಕ್ರಿಯೆಗಳಿಗೆ ಸ್ಥಾನ ಕೊಟ್ಟಿತು: ಮೊದಲು ಕೋಶವನ್ನು ಕೊಲ್ಲದೆ ವೈರಾಣುವನ್ನು ಅಡಗಿಸುವುದು, ನಂತರ ಉಳಿದ ಸೋಂಕಿತ ಕೋಶಗಳನ್ನು ನಾಶಮಾಡುವುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಪ್ರಯೋಗಗಳಿಗೆ ಬೆಂಬಲ ನೀಡುವುದನ್ನು 2015ರಲ್ಲಿ ಕೊನೆಗೊಳಿಸಿದವು. ಆ ಬಳಿಕ ಈ ಪ್ರಶ್ನೆಯನ್ನು ಮಾನವ ಯಕೃತ್ತಿನ ಕೋಶಗಳನ್ನು ಕಸಿಮಾಡಿದ ಇಲಿಗಳಲ್ಲಿ ಮತ್ತು ರೋಗಿಗಳ ಯಕೃತ್ತಿನಿಂದ ಸೂಜಿಯ ಮೂಲಕ ತೆಗೆದ ಮಾದರಿಗಳಲ್ಲಿ ಅಧ್ಯಯನ ಮಾಡಲಾಗುತ್ತಿದೆ.