ಎಲ್ಲಮ್ಮನ ಜೋಗಪ್ಪರೂ ಮನೆಬಿಟ್ಟ ಮಕ್ಕಳೂ

ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳು ಸಮೀಪಿಸಿದವೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಗಳ ಹಳ್ಳಿಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಗದ್ದಲವು ಮೊದಲಾಗುವದು. ಹಿಂದೆ ಚಕ್ಕಡಿಗಳ ಸಾಲು ಇರುತ್ತಿದ್ದಿತು; ಇಂದು ಟ್ರ್ಯಾಕ್ಟರುಗಳೂ ಬಸ್ಸುಗಳೂ ಇರುವವು. ಜೋಗುಳಭಾವಿಯಲ್ಲಿ ಮಿಂದು ಗುಡ್ಡವನ್ನೇರುವ ಆ ಪರಿಷೆಯಲ್ಲಿ ಸೀರೆಯನ್ನುಟ್ಟು, ಹಣೆಗೆ ಭಂಡಾರವನ್ನು ಬಳಿದು, ದೇವಿಯ ಕೊಡವನ್ನು ತಲೆಯ ಮೇಲೆ ಹೊತ್ತು, ಚೌಡಿಕೆಯ ನಾದಕ್ಕೆ ಕುಣಿಯುವ ಜೋಗಪ್ಪರನ್ನು ಕಾಣದವರಾರು? ಗಂಡಾಗಿ ಹುಟ್ಟಿ ಹೆಣ್ಣಿನ ಮನೋಧರ್ಮದಿಂದ ಬಾಳುವವರು ಇವರು. ಇವರು ಬಾಗಿಲಿಗೆ ಬಂದರೆ ಗೃಹಿಣಿಯರು ಪಡ್ಡಲಗಿಗೆ ಜೋಳವನ್ನು ಹಾಕಿ ಕೈಮುಗಿಯುವರು. ಆದರೆ ತಮ್ಮ ಮಗನೇ ಅಂಥ ಸ್ವಭಾವದವನೆಂದು ತಿಳಿದ ದಿನ ಅದೇ ಮನೆಯಲ್ಲಿ ನಡೆಯುವದು ಬೇರೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮನೆಯ ಹೊರಗೆ ಬಿದ್ದ ಆ ಹುಡುಗನು ಎಲ್ಲಿಗೆ ಹೋಗುತ್ತಿದ್ದನು, ಅವನನ್ನು ಯಾರು ಸಾಕುತ್ತಿದ್ದರು? ರಾಜರ ವಂಶಾವಳಿಗಳನ್ನು ಹುಡುಕುವಷ್ಟು ಆಸ್ಥೆಯಿಂದ ಈ ಸಂಗತಿಯನ್ನು ನಮ್ಮವರು ಹುಡುಕಿಲ್ಲ.

ಇಂಥ ಜನರಿರುವರೆಂಬದು ನಮ್ಮ ಪೂರ್ವಿಕರಿಗೆ ಹೊಸತಾಗಿರಲಿಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ‘ತೃತೀಯಾ ಪ್ರಕೃತಿ’ ಎಂಬ ಶಬ್ದವನ್ನು ಸಂಕೋಚವಿಲ್ಲದೆ ಸೇರಿಸಿರುವನು. ಮಳೆಯು ತಡವಾದಾಗ ವಿರಾಟಪರ್ವವನ್ನು ಓದಿಸುವ ರೂಢಿಯು ನಮ್ಮ ಹಳ್ಳಿಗಳಲ್ಲಿ ಇದ್ದದ್ದೇ; ಕುಮಾರವ್ಯಾಸನ ಕೋಳಿವಾಡವಂತೂ ಈ ಸೀಮೆಯ ಊರೇ ಆಗಿರುವದು. ಆ ಪರ್ವದಲ್ಲಿ ಬೃಹನ್ನಳೆಯು ಮಾಡುವ ಕೆಲಸವಾವದು? ವಿರಾಟನ ಅಂತಃಪುರದಲ್ಲಿ ಉತ್ತರೆಗೆ ನಾಟ್ಯವನ್ನು ಕಲಿಸುವದು. ಅಂದರೆ ಶಿಕ್ಷಕಿಯ ಕೆಲಸ. ಬೃಹನ್ನಳೆಯ ಕಥೆಯನ್ನು ಭಕ್ತಿಯಿಂದ ಕೇಳಿದವರೇ ಕಥೆ ಮುಗಿದ ಮೇಲೆ ಬೀದಿಯಲ್ಲಿ ಜೋಗಪ್ಪನನ್ನು ಕಂಡು ನಕ್ಕರೆ ಅದು ವಿಚಿತ್ರವೇ ಸರಿ. ರಂಗಭೂಮಿಯ ಮಾತೂ ಹೀಗೆಯೇ. ಕುಂದಗೋಳದ ಸವಾಯಿ ಗಂಧರ್ವರು ಮರಾಠೀ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ಕೀರ್ತಿಯನ್ನು ಪಡೆದರು. ವೇಷವನ್ನು ಕಳಚಬಲ್ಲವನಿಗೆ ಚಪ್ಪಾಳೆಯು ದೊರೆಯಿತು, ಕಳಚಲಾರದವನಿಗೆ ಕಲ್ಲು.

ಜೋಗಪ್ಪರ ಹುಟ್ಟಿನ ಕಥೆಯು ರೇಣುಕೆಯ ಕಥೆಯೊಡನೆ ಹೆಣೆದಿರುವದು. ತಾಯಿಯ ತಲೆಯನ್ನು ಕಡಿಯೆಂದು ಜಮದಗ್ನಿಯು ಆಜ್ಞಾಪಿಸಿದಾಗ ಹಿರಿಯ ಮಕ್ಕಳು ಒಲ್ಲೆವೆಂದರು; ಪರಶುರಾಮನು ಕಡಿದನು. ಒಲ್ಲದ ಮಕ್ಕಳು ಪಶುಪಕ್ಷಿಗಳಂತೆ ಜಡರಾಗಲೆಂದು ಶಾಪವಾಯಿತೆಂದು ಮಹಾಭಾರತದ ವನಪರ್ವವು ಹೇಳುವದು. ಗುಡ್ಡದ ಸುತ್ತಲಿನ ಜನರು ಹೇಳುವ ಕಥೆಯು ಬೇರೆ: ಅವರು ಗಂಡಸುತನವನ್ನು ಕಳೆದುಕೊಂಡರು, ಬದುಕಿ ಬಂದ ತಾಯಿಯು ಅವರನ್ನು ತನ್ನ ಸೇವೆಗೆ ಇಟ್ಟುಕೊಂಡಳು. ಪಂಡಿತರು ಇದನ್ನು ಅಪಪಾಠವೆಂದು ತಳ್ಳಿಹಾಕಬಹುದು. ಆದರೂ ತಾಯಿಯನ್ನು ಕೊಲ್ಲಲು ಒಪ್ಪದವರ ಸಂತತಿಯೆಂದು ಒಂದು ಜನವು ತನ್ನನ್ನು ತಾನು ತಿಳಿದುಕೊಂಡಿರುವದರಲ್ಲಿ ಎಷ್ಟು ಅರ್ಥವಿರುವದೆಂಬದನ್ನು ವಾಚಕರು ಮನಗಾಣಬೇಕು.

ಜೋಗಪ್ಪರ ಪದ್ಧತಿಯು ಹೀಗಿರುವದು. ಹುಡುಗನ ನಡೆನುಡಿಯು ಹೆಣ್ಣಿನಂತಾದರೆ, ಇಲ್ಲವೆ ತಲೆಯಲ್ಲಿ ಜಡೆಗಟ್ಟಿದರೆ, ‘ಎಲ್ಲಮ್ಮ ಕಾಡುತ್ತಾಳೆ’ ಎಂದು ಹಿರಿಯರು ಹೇಳುವರು. ಗುಡಿಯಲ್ಲಿ ಕೆಂಪು ಬಿಳಿ ಮುತ್ತುಗಳನ್ನು ಕಟ್ಟಿಸಿದ ಮೇಲೆ ಅವನು ದೇವಿಗೆ ಸೇರಿದವನು. ಹಿರಿಯ ಜೋಗಪ್ಪನೊಬ್ಬನು ಅವನನ್ನು ಮಗಳೆಂದು ಕರೆದು, ಹಾಡನ್ನೂ ಚೌಡಿಕೆಯನ್ನೂ ಕೊಡ ಹೊರುವ ಹದವನ್ನೂ ಕಲಿಸುವನು. ಹಿಜಡಾ ಸಮುದಾಯದ ಕಟ್ಟಳೆಗಳು ಬೇರೆ, ಇವರವು ಬೇರೆ. ಶಸ್ತ್ರಕ್ರಿಯೆಯು ಇಲ್ಲಿ ಪರಂಪರೆಯ ನಿಯಮವಲ್ಲ. ತಂದೆಯು ಹೊರಗಟ್ಟಿದ ಬಾಲಕನಿಗೆ ಅನ್ನವನ್ನೂ ಒಂದು ಬಾಂಧವ್ಯವನ್ನೂ ಕೊಟ್ಟವರು ತಾವೂ ಹಾಗೆಯೇ ಹೊರಬಿದ್ದು ಬಂದವರು. ಈ ಆಶ್ರಯಕ್ಕೆ ಬೆಲೆಯೂ ಇದ್ದಿತು. ಶಾಲೆಯು ಅಲ್ಲಿಗೇ ನಿಂತುಹೋಗುತ್ತಿದ್ದಿತು. ಮುಂದಿನ ಜೀವನವೆಲ್ಲ ಜೋಗವೆತ್ತಿದ ಕಾಳಿನ ಮೇಲೆ. ದೇವಿಯ ಹೆಸರಿನಲ್ಲಿ ದೊರೆತ ಗೌರವವು ಗುಡಿಯ ಅಂಗಳವನ್ನು ದಾಟಿ ದೂರ ಹೋಗಲಿಲ್ಲ.

ಇನ್ನು ಸರಕಾರದ ಕಡೆಗೆ ನೋಡೋಣ. 1871ರಲ್ಲಿ ಬ್ರಿಟಿಶರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ‘ನಪುಂಸಕ’ರೆಂದು ಹೆಸರಿಸಿದವರಿಗಾಗಿಯೇ ಇದ್ದಿತು. ಸಂಶಯಿತರ ಹೆಸರುಗಳನ್ನು ದಾಖಲೆಯಲ್ಲಿ ಬರೆಯುವದು, ಸ್ತ್ರೀವೇಷದಿಂದ ಬೀದಿಗೆ ಬಂದರೆ ವಾರಂಟಿಲ್ಲದೆ ಹಿಡಿಯುವದು, ಹದಿನಾರು ತುಂಬದ ಹುಡುಗನನ್ನು ಮನೆಯಲ್ಲಿ ಇಟ್ಟುಕೊಂಡರೆ ಎರಡು ವರ್ಷಗಳ ವರೆಗೆ ಸೆರೆ. ಈ ಭಾಗವು ಉತ್ತರದ ಪ್ರಾಂತಗಳಿಗೆ ಅನ್ವಯಿಸುತ್ತಿದ್ದಿತು. ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಅದರ ಬಿಸಿ ತಟ್ಟಲಿಲ್ಲ. 1911ರ ಹೊಸ ಕಾಯಿದೆಯಲ್ಲಿ ಅದು ಉಳಿಯಲೂ ಇಲ್ಲ. ಆಶ್ಚರ್ಯವೆಂದರೆ, ಸರಿಯಾಗಿ ನೂರು ವರ್ಷಗಳ ಮೇಲೆ, 2011ರಲ್ಲಿ, ಕರ್ನಾಟಕ ಪೋಲೀಸ್ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಿ, ಹುಡುಗರನ್ನು ಅಪಹರಿಸುವರೆಂಬ ಸಂಶಯವಿದ್ದವರ ಹೆಸರುಗಳನ್ನು ಬರೆದಿಡಬೇಕೆಂದು ಹಳೆಯ ಮಾತನ್ನೇ ಮತ್ತೆ ಆಡಲಾಯಿತು. ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯು ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಆ ಬಳಿಕ ಕಲಮಿನ ಭಾಷೆಯನ್ನು ತಿದ್ದಿದರು. ಹೊರಗಟ್ಟಿದ ತಂದೆಯನ್ನು ಪ್ರಶ್ನಿಸದೆ ಒಳಗೆ ಕರೆದುಕೊಂಡವರನ್ನು ಸಂಶಯಿಸುವ ಈ ಬುದ್ಧಿಯು ಬಲು ಹಟಮಾರಿಯಾದದ್ದು.

ಹಳೆಯ ಆಶ್ರಯದಿಂದಲೇ ಮೇಲೆದ್ದ ವ್ಯಕ್ತಿಯೆಂದರೆ ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯವರು. ಮಂಜುನಾಥ ಶೆಟ್ಟಿಯೆಂದು ಹೆಸರಿಟ್ಟ ಆ ಬಾಲಕನಿಗೆ ಹದಿಹರೆಯದಲ್ಲಿ ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆಯಾಯಿತು. ಮುಂದೆ ಮನೆ ತಪ್ಪಿತು. ಭಿಕ್ಷೆ ಬೇಡಿದ್ದೂ ಇಡ್ಲಿ ಮಾರಿದ್ದೂ ಆಯಿತು. ಕಾಳವ್ವ ಜೋಗತಿಯೆಂಬ ಗುರುವು ಅವರನ್ನು ತಮ್ಮ ಮೇಳಕ್ಕೆ ಸೇರಿಸಿಕೊಂಡು ಜೋಗತಿ ನೃತ್ಯವನ್ನು ಕಲಿಸಿದರು. ಗುರುವಿನ ನಂತರ ಮೇಳವನ್ನು ಮಂಜಮ್ಮನವರೇ ನಡೆಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ. ಪ್ರಶಸ್ತಿಯನ್ನು ಸ್ವೀಕರಿಸುವಾಗ ಅವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಬಾಗಿಲಲ್ಲಿ ನಿಂತು ಹರಸುವ ಜೋಗತಿಯ ಅದೇ ಹಳೆಯ ಕೈ.

ಹೊರಬಿದ್ದವರೇ ಹೊರಬಿದ್ದವರಿಗೆ ಮನೆಯಾಗುವ ಈ ಕ್ರಮವು ಸಮುದ್ರದಾಚೆಗೂ ಇದ್ದಿತು. ಲ್ಯಾಟಿನ್ ಅಮೆರಿಕದ ಮೂಲದ ಸಿಲ್ವಿಯಾ ರಿವೆರಾ ಎಂಬವಳು ಬಾಲ್ಯದಲ್ಲೇ ಮನೆಬಿಟ್ಟು ನ್ಯೂಯಾರ್ಕಿನ ಬೀದಿಗಳಲ್ಲಿ ಬೆಳೆದಳು. 1970ರಲ್ಲಿ, ಇನ್ನೂ ಇಪ್ಪತ್ತು ತುಂಬದಿರುವಾಗ, ತನ್ನ ಗೆಳತಿ ಮಾರ್ಶಾ ಜಾನ್‌ಸನ್ನಳೊಡನೆ ಕೂಡಿ ತನ್ನಂಥ ನಿರ್ಗತಿಕ ಮಕ್ಕಳಿಗಾಗಿ ಸಂಘವೊಂದನ್ನು ಕಟ್ಟಿ, ಒಂದು ವಸತಿಯನ್ನೂ ತೆರೆದಳು. ಬಾಡಿಗೆ ಕೊಡಲಾರದೆ ಆ ಮನೆಯು ಬಹುಕಾಲ ಬಾಳಲಿಲ್ಲ.

ನಮ್ಮ ನಾಡಿನಲ್ಲಿ 1999ರಲ್ಲಿ ಬೆಂಗಳೂರಿನಲ್ಲಿ ‘ಸಂಗಮ’ವು ಹುಟ್ಟಿತು. ಅಲ್ಲಿ ದುಡಿದು ಅನುಭವ ಪಡೆದ ಅಕ್ಕೈ ಪದ್ಮಶಾಲಿಯವರು 2014ರಲ್ಲಿ ‘ಒಂದೆಡೆ’ಯನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಈ ತರುಣರು ಬೇಡಿದ್ದು ಜೋಗದ ಕಾಳನ್ನಲ್ಲ. ಶಾಲೆಯನ್ನೂ ನೌಕರಿಯನ್ನೂ ಬೇಡಿದರು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗವನ್ನು ಮಾನ್ಯಮಾಡಿದ ತೀರ್ಪಿನಲ್ಲಿ ಎಲ್ಲಮ್ಮನ ಸೇವಕರಾದ ಜೋಗಪ್ಪರ ಹೆಸರನ್ನೂ ಬರೆಯಿತು. ನಮ್ಮ ಗುಡ್ಡದ ಜನರು ದೇಶದ ಅತ್ಯುನ್ನತ ನ್ಯಾಯಪೀಠದ ದಾಖಲೆಯಲ್ಲಿ ಸೇರಿದರು.

ಮಕ್ಕಳ ಮಾತು ಮಾತ್ರ ಗಂಟಾಗಿಯೇ ಉಳಿಯಿತು. 2019ರ ಕೇಂದ್ರ ಕಾಯಿದೆಯು ಗುರುತಿನ ಪತ್ರಕ್ಕಾಗಿ ಅಪ್ರಾಪ್ತವಯಸ್ಕನು ತಂದೆತಾಯಿಗಳ ಇಲ್ಲವೆ ಪಾಲಕರ ಮೂಲಕವೇ ಅರ್ಜಿ ಹಾಕಬೇಕೆಂದು ವಿಧಿಸಿತು. ಅವರು ಸಾಕಲಾರದಿದ್ದರೆ ನ್ಯಾಯಾಲಯವು ಅವನನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕೆಂದಿತು. ಹೊರಗಟ್ಟಿದವನ ಸಹಿಯನ್ನು ಹುಡುಗನು ಎಲ್ಲಿಂದ ತರಬೇಕು? ಮಗಳೆಂದು ಕರೆದ ಗುರುವಿಗೆ ಆ ಕಾಯಿದೆಯಲ್ಲಿ ಸ್ಥಾನವೇ ಇರಲಿಲ್ಲ. 2021ರಲ್ಲಿ ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ಶಿಕ್ಷಕರಿಗಾಗಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸಿದ್ಧಪಡಿಸಿದ ಕೈಪಿಡಿಯು ಆಕ್ಷೇಪಗಳು ಬಂದೊಡನೆ ಕೆಲವೇ ದಿನಗಳಲ್ಲಿ ಮರೆಯಾಯಿತು.

ಅದೇ 2021ರ ಜುಲೈಯಲ್ಲಿ, ‘ಸಂಗಮ’ವು ಹೂಡಿದ ದಾವೆಯ ಫಲವಾಗಿ, ಕರ್ನಾಟಕ ಸರಕಾರವು ತನ್ನ ನೌಕರಿಗಳಲ್ಲಿ ನೂರಕ್ಕೆ ಒಂದರಷ್ಟು ಸ್ಥಾನಗಳನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಿಟ್ಟಿತು, ಇಂಥ ನಿಯಮವನ್ನು ಮಾಡಿದ ರಾಜ್ಯಗಳಲ್ಲಿ ಇದೇ ಮೊದಲನೆಯದು. ಮರುವರ್ಷ ಪ್ರಾಥಮಿಕ ಶಾಲೆಗಳ ಪದವೀಧರ ಶಿಕ್ಷಕರ ತಾತ್ಕಾಲಿಕ ಆಯ್ಕೆಪಟ್ಟಿಯು ಪ್ರಕಟವಾಯಿತು. ಹದಿಮೂರು ಸಾವಿರಕ್ಕೂ ಮಿಕ್ಕಿದ ಹೆಸರುಗಳ ಆ ಪಟ್ಟಿಯಲ್ಲಿ ಆರನೆಯ ಇಯತ್ತೆಯಿಂದ ಎಂಟನೆಯ ಇಯತ್ತೆಯ ವರೆಗಿನ ಮಕ್ಕಳಿಗೆ ಪಾಠ ಹೇಳಲು ಆಯ್ಕೆಯಾದ ಇಂಥವರು ಮೂವರು.