ಕರಿಗಲ್ಲಿನ ಗೋಡೆ, ಮಣ್ಣಿನ ಮಾಳಿಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಹಳೆಯ ಮನೆಗಳ ಗೋಡೆ ಕರಿಗಲ್ಲಿನದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದ ಹುಟ್ಟಿದ ಕಲ್ಲು. ಮುದ್ದೇಬಿಹಾಳ ಸೀಮೆಯ ತಾಳಿಕೋಟೆಗೆ ಬಂದರೆ ಪದರು ಪದರಾಗಿ ಏಳುವ ಸುಣ್ಣಕಲ್ಲಿನ ಹಾಸು.

ಈ ಮನೆಯ ನಿಜವಾದ ಜಾಣ್ಮೆ ಇರುವುದು ಮಾಳಿಗೆಯಲ್ಲಿ. ತೊಲೆಯ ಮೇಲೆ ಜಂತಿ, ಅದರ ಮೇಲೆ ದಪ್ಪನೆಯ ಮಣ್ಣು. ಹೊಲದ ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಆದ್ದರಿಂದ ನೀರು ಇಂಗಗೊಡದ ಸವಳು ಮಣ್ಣನ್ನೇ ಹುಡುಕಿ ತಂದು, ಮಳೆಗಾಲಕ್ಕೆ ಮುನ್ನ ಹೊಸದಾಗಿ ಹರಡುತ್ತಿದ್ದರು. ಬೆಳಕಿಂಡಿಯಿಂದ ಬೆಳಕು ಒಳಗೆ, ಹೊಗೆ ಹೊರಗೆ. ನೆಲದಡಿಯ ಹಗೇವಿನಲ್ಲಿ ಜೋಳ.

1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣಾ ದಂಡೆಯ ಇಂಥ ಅನೇಕ ಮನೆಗಳು ಮುಳುಗಿದವು. ಉಳಿದ ಮಾಳಿಗೆಗೆ ಸಿಮೆಂಟು ಸುರಿಯುವ ಮೊದಲು ಊರ ಹಿರಿಯರನ್ನು ಒಮ್ಮೆ ಕೇಳಿ.