ಕಾಯಿಸಿದ ತಾಮ್ರ

ಜಕ್ಕೂರಿನ ನಮ್ಮ ಗ್ಯಾರೇಜಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ವಾಷರ್ ಕಾಯಿಸುವುದು ಗೊತ್ತಿಲ್ಲ. ಕಲಿಯಿರಿ ಎಂದು ನಾನು ಹೇಳುವುದೂ ಇಲ್ಲ. ಆದರೆ ನಾನು ಡೀಸೆಲ್ ಪಂಪು, ಇಂಜೆಕ್ಟರ್ ರಿಪೇರಿಯ ಪಂಪ್ ಶಾಪಿಗೆ ಸೇರಿದ ಕಾಲದಲ್ಲಿ ಅದು ದಿನಾ ಬೆಳಗಿನ ಮೊದಲ ಕೆಲಸ. ಎಲ್ಲಿಂದ ಬಂತು, ಯಾಕೆ ಹೋಯಿತು ಎಂದು ಯಾರಾದರೂ ಬರೆದಿಡಬೇಕಲ್ಲ.

ಡೀಸೆಲ್ ಎಂಜಿನ್ನಿನ ಹೆಡ್ಡಿನಲ್ಲಿ ಇಂಜೆಕ್ಟರ್ ಕೂರುವ ತೂತಿದೆಯಲ್ಲ, ಅದರ ತಳದಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ಸಿಲಿಂಡರಿನೊಳಗಿನ ಬೆಂಕಿ ಮೇಲಕ್ಕೆ ನುಗ್ಗದಂತೆ ತಡೆಯುವುದು ಅದೇ. ಬೋಲ್ಟು ಬಿಗಿದಾಗ ತಾಮ್ರ ಹಿಸುಕಿಕೊಂಡು ಸೀಟಿನ ಸಣ್ಣ ಗೀರುಗಳನ್ನೆಲ್ಲ ತುಂಬುತ್ತದೆ. ಒಮ್ಮೆ ಹಿಸುಕಿದ ತಾಮ್ರ ಗಡುಸಾಗುತ್ತದೆ. ಹಾಗೇ ಮತ್ತೆ ಹಾಕಿದರೆ ಸೀಟಿಗೆ ಒಗ್ಗುವುದಿಲ್ಲ. ಅದಕ್ಕೆ ನಮ್ಮ ಉಸ್ತಾದರು ಹಳೇ ವಾಷರುಗಳನ್ನು ತಂತಿಗೆ ಪೋಣಿಸಿ, ಬ್ಲೋ ಲ್ಯಾಂಪಿನ ಉರಿಗೆ ಮಂದ ಕೆಂಪು ಬರುವ ತನಕ ಹಿಡಿದು, ನೀರಿನ ಡಬ್ಬಿಗೆ ಅದ್ದುತ್ತಿದ್ದರು. ಉಕ್ಕನ್ನು ಹಾಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಚುಂಯ್ ಎಂದು ಕಪ್ಪು ಪೊರೆ ಉದುರಿ ಗುಲಾಬಿ ಬಣ್ಣ ಕಾಣುತ್ತಿತ್ತು. ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ, ಗಾಜಿನ ಮೇಲಿಟ್ಟು, ಅಲುಗದಿದ್ದರೆ ಪಾಸು. ಅಲುಗಿದರೆ ಗುಜರಿ ಡಬ್ಬಕ್ಕೆ. ತಾಮ್ರವಾದ್ದರಿಂದ ಆ ಡಬ್ಬಕ್ಕೂ ಬೆಲೆಯಿತ್ತು.

ಇದನ್ನು ಬರೀ ಜಿಪುಣತನ ಅನ್ನುವವರಿಗೆ ಆ ಕಾಲ ಗೊತ್ತಿಲ್ಲ. ಚಿತ್ರದುರ್ಗದ ಇಂಗಳದಾಳಿನಲ್ಲಿ ಗಣಿ ಇತ್ತು ನಿಜ, ಆದರೂ ದೇಶಕ್ಕೆ ಬೇಕಾದ ತಾಮ್ರದಲ್ಲಿ ಬಹುಪಾಲು ಹೊರಗಿನಿಂದಲೇ ಬರಬೇಕಿತ್ತು. ಆಮದಿಗೆ ಲೈಸೆನ್ಸು ಬೇಕಿದ್ದ ದಿನಗಳು. ಒಂದು ವಾಷರಿಗಾಗಿ ಯಲಹಂಕದ ಕಡೆಯಿಂದ ಬಸ್ಸು ಹತ್ತಿ ಜೆ.ಸಿ. ರಸ್ತೆಗೆ ಹೋಗಿ ಬಂದರೆ ಅರ್ಧ ದಿನ ಹೋಯಿತು. ಅಂಗಡಿಯಲ್ಲಿ ಸರಿಯಾದ ದಪ್ಪದ್ದು ಸಿಕ್ಕರೆ ಪುಣ್ಯ.

ವಾಷರಿನ ಮೇಲೆ ಕೂರುವ ಇಂಜೆಕ್ಟರಿಗೂ ಒಂದು ಹಿನ್ನೆಲೆಯಿದೆ. ಡೀಸೆಲ್ ಎಂಜಿನ್ 1897ರ ಹೊತ್ತಿಗೇ ಕೆಲಸ ಮಾಡಿ ತೋರಿಸಿತ್ತು. ಆದರೆ ಮೊದಮೊದಲು ಎಣ್ಣೆಯನ್ನು ಸಿಲಿಂಡರಿಗೆ ಊದಲು ದೊಡ್ಡ ಕಂಪ್ರೆಸರ್ ಬೇಕಾಗಿತ್ತು, ಅದನ್ನು ಹೊತ್ತು ಲಾರಿ ಓಡೀತೇ? ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ರಸ್ತೆಯಲ್ಲಿ ಡೀಸೆಲ್ ಹರಡಿತು. 1951ರಲ್ಲಿ ಅದೇ ಬಾಷ್ ಜೊತೆಗೂಡಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ, ಶುರುವಾಯಿತು. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು. ಇಂಜೆಕ್ಟರಿನ ತುದಿಯ ನಾಝಲ್ಲಿನ ಸೂಜಿಗೂ ಅದರ ಮನೆಗೂ ನಡುವೆ ಕೆಲವೇ ಮೈಕ್ರಾನ್ ಸಂದು ಬಿಡುವ ಕೆಲಸ ಅದು. ತಲೆಗೂದಲೇ ಎಪ್ಪತ್ತು ಮೈಕ್ರಾನ್ ಇರುತ್ತದೆ. ಒಂದರ ಸೂಜಿ ಇನ್ನೊಂದರ ಮನೆಗೆ ಹಾಕಬಾರದು ಎಂಬುದು ಪಂಪ್ ಶಾಪಿನ ಮೊದಲ ಪಾಠ. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು. ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಮಾತ್ರ ಹಾಗೇ ಉಳಿದಿದೆ.

ಜಕ್ಕೂರೆಂದರೆ ಜನಕ್ಕೆ ನೆನಪಾಗುವುದು ಕೆರೆ, ಇಲ್ಲವೇ ಸರ್ಕಾರ ತೆರೆದ ವೈಮಾನಿಕ ತರಬೇತಿ ಶಾಲೆ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ್, 1958ರಲ್ಲಿ ಮೊದಲು ಹಾರಿದ್ದು, ಕಾರ್ಬ್ಯುರೇಟರಿನ ವಿಮಾನ. ಅದರಲ್ಲಿ ಇಂಜೆಕ್ಟರ್ ಇಲ್ಲ. ಆದರೆ ಅಂಥ ವಿಮಾನಗಳ ಸ್ಪಾರ್ಕ್ ಪ್ಲಗ್ಗಿನ ಕೆಳಗೂ ಅಚ್ಚ ತಾಮ್ರದ ಗ್ಯಾಸ್ಕೆಟ್ಟೇ ಇರುತ್ತದೆ. ಹೊಸದನ್ನು ಹಾಕು, ಇಲ್ಲವೇ ಕಾಯಿಸಿ ಮೆತ್ತಗೆ ಮಾಡಿ ಹಾಕು ಎನ್ನುವುದು ಆ ಕಸುಬಿನಲ್ಲೂ ಇದ್ದ ಮಾತು. ಆ ಶಾಲೆಯ ಬೇಲಿಯ ಒಳಗಿನವರಿಗೂ ಹೊರಗಿನ ನಮಗೂ ತಾಮ್ರ ಒಂದೇ.

ಬೇಲಿಯ ಹೊರಗೆ ನಮ್ಮ ಗಿರಾಕಿಗಳು ಬೇರೆ. ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದ ಟ್ರಾಕ್ಟರು, ಯಶವಂತಪುರದ ಮಾರುಕಟ್ಟೆಗೆ ಈರುಳ್ಳಿ ಇಳಿಸಿ ಬರುವ ಲಾರಿ, ಮೆಟಡೋರು, ಡೀಸೆಲ್ ಅಂಬಾಸಿಡರು. ಎಂಜಿನ್ ಮಿಸ್ಸಾಗುತ್ತಿದ್ದರೆ ಅದನ್ನು ಓಡಲು ಬಿಟ್ಟು ಒಂದೊಂದೇ ಪೈಪಿನ ನಟ್ಟು ಸಡಿಲಿಸುವುದು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಅದೇ ಸತ್ತ ಸಿಲಿಂಡರು. ಬಿಚ್ಚಿದ ಇಂಜೆಕ್ಟರನ್ನು ಕೈ ಟೆಸ್ಟರಿಗೆ ಹಾಕಿ ಲಿವರ್ ಒತ್ತಿದರೆ ಸುಮಾರು ಇನ್ನೂರು ಬಾರಿನಲ್ಲಿ ನಾಝಲ್ ಕಿರ್ರೆಂದು ಮಂಜು ಉಗುಳಬೇಕು. ಆ ಮಂಜಿನ ಹತ್ತಿರ ಬೆರಳು ತಂದರೆ ಉಸ್ತಾದರು ಸ್ಪಾನರಿನಿಂದಲೇ ಕೈಗೆ ಹೊಡೆಯುತ್ತಿದ್ದರು. ಆ ಒತ್ತಡದ ಡೀಸೆಲ್ ಚರ್ಮ ತೂರಿ ರಕ್ತಕ್ಕೆ ಸೇರುತ್ತದೆ ಎಂದು ಆಮೇಲೆ ತಿಳಿಯಿತು.

ಇದೆಲ್ಲ ಮುಗಿದದ್ದು, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲಿನಿಂದ. 2002ರಲ್ಲಿ ಹ್ಯುಂಡೈ ಆಕ್ಸೆಂಟ್ ಸಿಆರ್‌ಡಿಐ ಬಂತು. ಹೊಗೆಯ ನಿಯಮಗಳು ಬಿಗಿಯಾದಂತೆ ಉಳಿದವರೂ ಅದೇ ದಾರಿ ಹಿಡಿದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ತುಂಬ ಡೀಸೆಲ್ ಟ್ಯಾಕ್ಸಿ. ರೈಲಿನೊಳಗೆ ಸಾವಿರದ ಆರುನೂರು ಬಾರ್, ಈಗ ಎರಡು ಸಾವಿರವನ್ನೂ ದಾಟಿದೆ. ಓಡುವ ಎಂಜಿನ್ನಿನ ನಟ್ಟು ಸಡಿಲಿಸುವ ಹಳೇ ಪರೀಕ್ಷೆ ಇಲ್ಲಿ ಪ್ರಾಣಕ್ಕೇ ಕುತ್ತು.

ವಾಷರ್ ತಡೆಯುವುದು ಡೀಸೆಲ್ಲಿನ ಒತ್ತಡವನ್ನಲ್ಲ, ಸಿಲಿಂಡರಿನ ಗ್ಯಾಸನ್ನು. ಆದರೆ ಟರ್ಬೋ ಬಂದ ಮೇಲೆ ಅದೂ ಏರಿತು. ಅದಕ್ಕಿಂತ ದೊಡ್ಡ ಮಾತು ದಪ್ಪದ್ದು. ನಾಝಲ್ಲಿನ ತುದಿ ಎಷ್ಟು ಕೆಳಗಿಳಿಯಬೇಕು, ಮಂಜು ಪಿಸ್ಟನ್ನಿನ ಬಟ್ಟಲಿನಲ್ಲಿ ಎಲ್ಲಿ ಬಡಿಯಬೇಕು ಎಂಬುದನ್ನು ನಿರ್ಧರಿಸುವುದು ವಾಷರಿನ ದಪ್ಪ. ಕಾಯಿಸಿದರೆ ತಾಮ್ರ ಮೆತ್ತಗಾದೀತು, ಹಿಸುಕಿ ತೆಳ್ಳಗಾದದ್ದು ದಪ್ಪವಾಗುವುದಿಲ್ಲ. ಉಸ್ತಾದರ ವಿದ್ಯೆ ಸೋತದ್ದು ಇಲ್ಲಿ.

ಒಂದು ಸಲ ಹೊಸ ವಾಷರ್ ಹಾಕಿಸಿಕೊಂಡು ಬಂದ ಟ್ಯಾಕ್ಸಿಯೊಂದು ಬಾನೆಟ್ಟಿನಡಿ ಚುಸ್ ಚುಸ್ ಅನ್ನುತ್ತಾ ನಮ್ಮಲ್ಲಿಗೆ ಬಂತು. ಇಂಜೆಕ್ಟರಿನ ಸುತ್ತ ಡಾಂಬರಿನಂಥ ಕಪ್ಪು ಗಟ್ಟಿ. ಬಿಚ್ಚಿದರೆ ತೂತಿನ ತಳದಲ್ಲಿ ಹಳೇ ವಾಷರ್ ಕಚ್ಚಿಕೊಂಡೇ ಇದೆ, ಹೊಸದು ಅದರ ಮೇಲೆ ಕೂತಿದೆ. ಈ ಎಡವಟ್ಟು ಈಗಲೂ ಎಲ್ಲ ಕಡೆ ನಡೆಯುತ್ತದೆ. ಆದ್ದರಿಂದ ನಮ್ಮಲ್ಲಿ ಬಿಚ್ಚಿದ ವಾಷರುಗಳನ್ನು ತಟ್ಟೆಯಲ್ಲಿ ಎಣಿಸಿಡದೆ ಹೊಸ ಪೊಟ್ಟಣ ಒಡೆಯುವಂತಿಲ್ಲ. ಆಮೇಲೆ ಸೀಟ್ ಕಟ್ಟರಿಗೆ ಗ್ರೀಸ್ ಬಳಿದು, ಪುಡಿ ಸಿಲಿಂಡರಿಗೆ ಬೀಳದಂತೆ, ಹಗುರಾಗಿ ತಿರುಗಿಸಬೇಕು. ಇಂಜೆಕ್ಟರ್ ಕೂರಿಸಿ, ಪೈಪಿನ ನಟ್ಟನ್ನು ಕೈಯಲ್ಲೇ ಹತ್ತಿಸಿ, ಕ್ಲಾಂಪನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ಕೊನೆಗೆ ಪೈಪು. ಕ್ಲಾಂಪನ್ನೇ ಮೊದಲು ಬಿಗಿದರೆ ಪೈಪು ಓರೆಯಾಗಿ ಕೂತು ಸೋರುತ್ತದೆ. ಹೊಸ ಇಂಜೆಕ್ಟರ್ ಹಾಕಿದ್ದರೆ ಅದರ ತಲೆಯ ಮೇಲೆ ಕೊರೆದ ಕೋಡನ್ನು ಸ್ಕ್ಯಾನರಿನಿಂದ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಬರೆಯಬೇಕು. ಕಿವಿಯ ಕೆಲಸ ಕೀಲಿಮಣೆಗೆ ಹೋಯಿತು. ನನಗೆ ಬೇಸರವಿಲ್ಲ, ನನ್ನ ಕಿವಿಯೂ ಹಳತಾಗಿದೆ.

ಪೆಟ್ರೋಲ್ ಕಾರಿನದು ಬೇರೆ ಸಂಸಾರ. ಎಂಪಿಎಫ್‌ಐ ಇಂಜೆಕ್ಟರಿನ ಮೇಲೊಂದು ಕೆಳಗೊಂದು ಓ-ರಿಂಗು, ಒತ್ತಡ ಮೂರು ಬಾರಿನ ಆಸುಪಾಸು. ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ನೇರವಾಗಿ ಒತ್ತಿದರೆ ಸಾಕು, ಒಣಗಿದ್ದನ್ನು ತುರುಕಿದರೆ ಹರಿಯುತ್ತದೆ. ಸಿಲಿಂಡರಿಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಹೊಸ ಎಂಜಿನ್ನುಗಳ ಟೆಫ್ಲಾನ್ ರಿಂಗಿಗೆ ಇದೇ ಎಣ್ಣೆ ಶತ್ರು. ಕೋನಿನ ಮೇಲೆ ಹಿಗ್ಗಿಸಿ ಏರಿಸಿ, ಸ್ಲೀವ್ ಹಾಕಿ ಅಳತೆಗೆ ಕುಗ್ಗಿಸಿ, ಒಣಗಿದ್ದನ್ನೇ ಕೂರಿಸಬೇಕು. ಕಳೆದ ಕೆಲವು ವರ್ಷಗಳಿಂದ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುತ್ತಿರುವುದರಿಂದ, ಹಳೇ ಗಾಡಿಗಳಿಗೆ ಅಗ್ಗದ ರಬ್ಬರ್ ರಿಂಗು ಹಾಕಬೇಡಿ ಎಂದು ಹುಡುಗರಿಗೆ ಹೇಳುತ್ತಿರುತ್ತೇನೆ.

ರಾಜಾನುಕುಂಟೆ ಕಡೆಯ ರೈತರೊಬ್ಬರು ಈಗಲೂ ಹಳೇ ಟ್ರಾಕ್ಟರ್ ತರುತ್ತಾರೆ. "ಹೊಸ ವಾಷರ್ ಯಾಕಣ್ಣಾ, ಕಾಯಿಸಿ ಹಾಕು, ಮುಂಚೆ ಹಾಕ್ತಿರಲಿಲ್ವಾ?" ಅನ್ನುತ್ತಾರೆ. ಅವರ ಎಂಜಿನ್ನಿಗೆ ನಡೆದೀತು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕಾಯಿಸಿ, ಉಜ್ಜಿ, ಗಾಜಿನ ಮೇಲೆ ನೋಡುವ ಕೂಲಿ ಈಗ ಹೊಸ ವಾಷರಿಗಿಂತ ಜಾಸ್ತಿ ಬೀಳುತ್ತದೆ ಎಂದಾಗ, "ಹಾಗಾದ್ರೆ ಹೊಸದೇ ಹಾಕ್ಬಿಡಿ" ಎಂದು ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ.